ಪ್ರಯೋಗ ಇಲಿ ಮೇಲೆ ನಡೆದದ್ದು, ಮಾತ್ರೆ ಬಿಡಬೇಡಿ

ಮಾನ್ಯ ಸಂಪಾದಕರೇ,

ಕಸಿ ಮಾಡಿದ ಅಂಗದ ರಕ್ತನಾಳಗಳನ್ನು ಎಂಜೈಮ್ ಬಳಸಿ ಕಾಪಾಡುವ ಬಗ್ಗೆ ನಿಮ್ಮಲ್ಲಿ ಬಂದ ವರದಿಯನ್ನು ಎರಡು ಸಲ ಓದಿದೆ. ಖುಷಿಯಾಯಿತು. ಆದರೆ ‘ಇನ್ನು ಮಾತ್ರೆ ಬೇಡ’ ಎಂಬ ತಲೆಬರಹ ನೋಡಿ ಎದೆ ಧಸಕ್ಕೆಂದಿತು.

ನನ್ನೊಳಗಿರುವುದು ಅಕ್ಕ ಕೊಟ್ಟ ಕಿಡ್ನಿ. ಒಂಬತ್ತು ವರ್ಷದಿಂದ ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಟ್ಯಾಕ್ರೋಲಿಮಸ್ ನುಂಗುತ್ತೇನೆ; ಕಸಿ ಕಿಡ್ನಿಯನ್ನು ದೇಹ ತಿರಸ್ಕರಿಸದಂತೆ ತಡೆಯುವ ಮಾತ್ರೆ ಅದು. ಅದರಿಂದ ಕೈಬೆರಳು ನಡುಗುತ್ತವೆ. ಅಂಗಿಯ ಗುಂಡಿ ಹಾಕಿಕೊಳ್ಳಲೂ ಹೊತ್ತು ಹಿಡಿಯುತ್ತದೆ. ಮಾತ್ರೆ ಬಿಡುವ ಆಸೆ ನನಗಿಂತ ಜಾಸ್ತಿ ಯಾರಿಗಿರುತ್ತದೆ ಹೇಳಿ?

ಆ ಸಂಶೋಧನೆಯನ್ನು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ 2021ರಲ್ಲಿ ಪ್ರಕಟಿಸಿತು. ವಿಷಯ ನಿಜಕ್ಕೂ ದೊಡ್ಡದು. ರಕ್ತನಾಳದ ಒಳಗೋಡೆಗೆ ಸಕ್ಕರೆ ಅಣುಗಳ ತೆಳುವಾದ ಹೊದಿಕೆ ಇರುತ್ತದೆ. ಅಂಗವನ್ನು ತೆಗೆದು, ತಂಪಿನಲ್ಲಿಟ್ಟು, ಮತ್ತೆ ಜೋಡಿಸುವಷ್ಟರಲ್ಲಿ ಅದು ಹರಿದುಹೋಗುತ್ತದೆ. ಬರಿದಾದ ಗೋಡೆಯ ಮೇಲೆ ದೇಹದ ರಕ್ಷಣಾ ಕಣಗಳು ಮುಗಿಬೀಳುತ್ತವೆ. ಅಂಗ ಹೊರಗಿರುವಾಗಲೇ ಆ ಗೋಡೆಗೆ ಒಂದು ಪಾಲಿಮರ್ ಹೊದಿಸುವುದು ಇವರ ಉಪಾಯ. ಅದನ್ನು ಅಂಟಿಸಿಕೊಡುವುದು ಎಂಜೈಮ್. ಇಲಿಗಳಲ್ಲಿ ಇದು ಫಲ ಕೊಟ್ಟಿದೆ. ಹೌದು, ಇಲಿಗಳಲ್ಲಿ. ನಿಮ್ಮ ವರದಿಯಲ್ಲಿ ಆ ಮಾತು ಕೊನೆಯ ಸಾಲಿನಲ್ಲಿತ್ತು.

ಆಪರೇಷನ್ ಆದ ಮೇಲೆ ಡಾಕ್ಟರು ನನಗೆ ಹೇಳಿದ್ದರು: ಕ್ಲ್ಯಾಂಪ್ ಬಿಟ್ಟ ಕೂಡಲೇ ಬೂದು ಬಣ್ಣದ ಕಿಡ್ನಿ ನೋಡನೋಡುತ್ತಲೇ ಗುಲಾಬಿಯಾಯಿತು, ಮೇಜಿನ ಮೇಲಿರುವಾಗಲೇ ಮೂತ್ರ ಬಂತು ಅಂತ. ಎಷ್ಟು ಸಲ ನೆನೆದಿದ್ದೇನೋ ಆ ಮಾತನ್ನು. ಆದರೆ ನಾಳಗಳಿಗೆ ಪೆಟ್ಟು ಬೀಳುವುದೂ ಅದೇ ಗಳಿಗೆಯಲ್ಲೇ ಎಂದು ಆಮೇಲೆ ಓದಿ ತಿಳಿದೆ. ಅಷ್ಟು ಹೊತ್ತು ರಕ್ತವಿಲ್ಲದೆ ಇದ್ದ ಜೀವಕೋಶಗಳಿಗೆ ಒಮ್ಮೆಲೇ ಆಮ್ಲಜನಕ ನುಗ್ಗುತ್ತದೆ, ಆಮ್ಲಜನಕದ ಹಾನಿಕರ ರೂಪವಾದ ಸೂಪರ್‌ಆಕ್ಸೈಡ್ ಹುಟ್ಟಿ ಒಳಪದರವನ್ನು ಕೆಡಿಸುತ್ತದೆ.

ಆ ಸೂಪರ್‌ಆಕ್ಸೈಡನ್ನು ಒಡೆಯುವ ಬೇರೊಂದು ಎಂಜೈಮನ್ನು ಜರ್ಮನಿಯ ವೈದ್ಯರು ಕಿಡ್ನಿ ಕಸಿಯ ವೇಳೆಯಲ್ಲೇ ರೋಗಿಗಳಿಗೆ ಕೊಟ್ಟು, 1994ರಲ್ಲಿ ಫಲಿತಾಂಶ ಪ್ರಕಟಿಸಿದ್ದರು. ಕಿಡ್ನಿ ತಿರಸ್ಕಾರ ಕಡಿಮೆಯಾಗಿತ್ತು. ಆದರೆ ಆ ರೋಗಿಗಳೆಲ್ಲ ಜೊತೆಗೆ ತಿರಸ್ಕಾರ ತಡೆಯುವ ಸೈಕ್ಲೋಸ್ಪೊರಿನ್ ಔಷಧಿ ತಗೊಳ್ಳುತ್ತಲೇ ಇದ್ದರು. ಎಂಜೈಮ್ ಕೊಟ್ಟರೆಂದು ಯಾರೂ ಔಷಧಿ ನಿಲ್ಲಿಸಲಿಲ್ಲ. ಅದು ಇವತ್ತಿಗೂ ಎಲ್ಲರಿಗೂ ಕೊಡುವ ಚಿಕಿತ್ಸೆಯಾಗಿಲ್ಲ.

ಡಯಾಲಿಸಿಸ್‌ನಲ್ಲಿ ನನ್ನ ಪಕ್ಕದ ಹಾಸಿಗೆಯಲ್ಲಿದ್ದವರನ್ನು ಅಣ್ಣ ಎಂದೇ ಕರೆಯುತ್ತಿದ್ದೆ. ಅವರಿಗೂ ಕಸಿ ಆಯಿತು. ಎರಡು ವರ್ಷ ಕಳೆದ ಮೇಲೆ, ‘ಚೆನ್ನಾಗೇ ಇದ್ದೀನಲ್ಲ, ಸುಮ್ನೆ ಯಾಕೆ ಇಷ್ಟೊಂದು ಮಾತ್ರೆ’ ಎಂದು ಯಾರಿಗೂ ಹೇಳದೆ ಬಿಟ್ಟರು. ಕಾಲು ಊದಿಕೊಂಡಾಗಲೇ ಮನೆಯವರಿಗೆ ಗೊತ್ತಾದದ್ದು. ಅಷ್ಟರಲ್ಲಿ ಕಿಡ್ನಿ ಕೈಬಿಟ್ಟಿತ್ತು. ಈಗ ಮತ್ತೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ನಿಮ್ಮ ವರದಿಯನ್ನು ಕತ್ತರಿಸಿ ನನಗೆ ಕಳಿಸಿದ್ದೂ ಅವರೇ, ‘ನಿಜಾನಾ, ನೋಡು’ ಎಂದು ಬರೆದು.

ಇಂಥ ಸುದ್ದಿಯನ್ನು ಖಂಡಿತ ಹಾಕಿ, ನಾವು ಕಾದು ಓದುತ್ತೇವೆ. ‘ಇಲಿಗಳಲ್ಲಿ’ ಎಂಬ ಒಂದು ಪದವನ್ನು ಮಾತ್ರ ದಯವಿಟ್ಟು ತಲೆಬರಹದಲ್ಲೇ ಸೇರಿಸಿ.

– ಅಕ್ಕನ ಕಿಡ್ನಿಯಿಂದ ಬದುಕಿರುವ ಒಬ್ಬ ಓದುಗ