ಕಂಬಗಳಿದ್ದ ಕ್ರೀಡಾಂಗಣ

ಮಾನ್ಯರೇ,

ಅಮೆರಿಕದ ಡೆಟ್ರಾಯಿಟ್ ನಗರದ ಟೈಗರ್ ಸ್ಟೇಡಿಯಂ 1912ರಿಂದ 1999ರ ಸೆಪ್ಟೆಂಬರ್ 27ರವರೆಗೆ ಬೇಸ್‌ಬಾಲ್ ಕಂಡ ಜಾಗ. ಅಲ್ಲಿ ಆಟ ನೋಡುತ್ತ ಬೆಳೆದವರು ಮೊದಲು ನೆನೆಯುವುದು ಕಂಬಗಳನ್ನು. ಮೇಲಂತಸ್ತನ್ನು ಹೊತ್ತ ಉಕ್ಕಿನ ಕಂಬಗಳು ಹಿಂದೆ ಕೂತವರಿಗೆ ಅಡ್ಡ ಬರುತ್ತಿದ್ದವು, ನಿಜ. ಆದರೆ ಅವುಗಳಿಂದಲೇ ಮೇಲಂತಸ್ತು ಆಟಕ್ಕೆ ಅಷ್ಟು ಹತ್ತಿರವಿತ್ತು. ಬಲಬದಿಯಲ್ಲಂತೂ ಸುಮಾರು 10 ಅಡಿ ಮೈದಾನದ ಮೇಲೇ ಚಾಚಿತ್ತು. ಫೀಲ್ಡರ್ ಕ್ಯಾಚಿಗೆ ಕೈಯೊಡ್ಡಿ ನಿಂತಿದ್ದಾಗ, ಚೆಂಡು ಅವನ ತಲೆಯ ಮೇಲಿನ ಬಾಲ್ಕನಿಗೆ ಬಿದ್ದು ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್‌ನಂಥದ್ದು) ಆಗಿಬಿಡುತ್ತಿತ್ತು! ಕಂಬಗಳಿಲ್ಲದ ಹೊಸ ಕ್ರೀಡಾಂಗಣಗಳಲ್ಲಿ ಮೇಲಂತಸ್ತು ಹಿಂದಕ್ಕೆ, ಎತ್ತರಕ್ಕೆ ಸರಿಯುತ್ತದೆ. ಅಗ್ಗದ ಟಿಕೆಟ್ಟಿನ ಮಕ್ಕಳಿಗೆ ಆಟಗಾರರ ಮುಖ ಕಾಣದಿರುವುದು ಅದಕ್ಕೇ.

ಕೊನೆಯ ಪಂದ್ಯ ಮುಗಿದೊಡನೆ ಬ್ಯಾಟರ್ ನಿಲ್ಲುವಲ್ಲಿ ನೆಲಕ್ಕೆ ಹೂತ ಫಲಕವಾದ ಹೋಮ್ ಪ್ಲೇಟನ್ನು ಅಗೆದು ಹೊಸ ಕ್ರೀಡಾಂಗಣಕ್ಕೆ ಒಯ್ದರು. ಕಟ್ಟಡ ವರ್ಷಗಟ್ಟಲೆ ಖಾಲಿ ಬಿದ್ದು 2009ರಲ್ಲಿ ಪೂರ್ತಿ ನೆಲಸಮವಾಯಿತು. ಪಾಳುಬಿದ್ದ ಮೈದಾನದ ಕಳೆ ಕಿತ್ತು, ಹುಲ್ಲು ಕತ್ತರಿಸಿ, ಅದನ್ನು ಆಡುವಂತೆ ಮಾಡಿದವರು ಸ್ವಯಂಸೇವಕರು. ಸೆಂಟರ್ ಫೀಲ್ಡಿನ (ಬ್ಯಾಟರ್‌ಗೆ ನೇರ ಎದುರಿನ ದೂರದ ಭಾಗ) 125 ಅಡಿಯ ಧ್ವಜಸ್ತಂಭ ಉಳಿದಿದೆ. ಈಗ ಅಲ್ಲಿ ಮಕ್ಕಳು ಆಡುತ್ತಾರೆ, ಆದರೆ ಕೃತಕ ಹುಲ್ಲುಹಾಸಿನ ಮೇಲೆ. ಮಳೆ ನಿಂತೊಡನೆ ಆಡಬಹುದು, ಸರಿ; ಬೇಸಿಗೆಯ ಬಿಸಿಲಿಗೆ ಅದು ಹುಲ್ಲಿಗಿಂತ ಬಹಳ ಹೆಚ್ಚು ಕಾಯುತ್ತದೆ. ಹಳೆಯ ಕ್ರೀಡಾಂಗಣ ಕೆಡವುವವರು ಗೋಡೆ ಉಳಿಸಲಾಗದಿದ್ದರೂ ಆಟಗಾರರು ಓಡಿ ಮುಟ್ಟುವ ನಾಲ್ಕು ಬೇಸ್‌ಗಳ ನಡುವಿನ, ಬದಿಗೆ 90 ಅಡಿಯ ಚೌಕವನ್ನು ಹುಲ್ಲು, ಮಣ್ಣಿನ ಸಮೇತ ಉಳಿಸಲಿ.

– ಬೇಸ್‌ಬಾಲ್ ಅಭಿಮಾನಿಗಳು