ರವಿವಾರದ ಚಿತ್ರ ಪ್ರದರ್ಶನ: ಸದಸ್ಯರ ಗಮನಕ್ಕೆ

ಆತ್ಮೀಯ ಸದಸ್ಯರೆಲ್ಲರಿಗೂ ನಮಸ್ಕಾರ.

ಬರುವ ರವಿವಾರ ಸಂಜೆ 4 ಗಂಟೆಗೆ ಶಿರಸಿಯ ನಮ್ಮ ಎಂದಿನ ಸಭಾಂಗಣದಲ್ಲಿ, ಎಫ್. ಡಬ್ಲ್ಯು. ಮುರ್ನೌ ನಿರ್ದೇಶಿಸಿದ 1922ರ ಜರ್ಮನ್ ಮೂಕಿ ಚಿತ್ರ ‘ನೊಸ್ಫೆರಾಟು’ ಪ್ರದರ್ಶನವಿದೆ. ರಕ್ತಪಿಶಾಚಿಯ ಕಥೆಯಾದ ‘ಡ್ರಾಕುಲಾ’ ಕಾದಂಬರಿಯನ್ನು ಅನುಮತಿಯಿಲ್ಲದೆ ಬಳಸಿಕೊಂಡದ್ದಕ್ಕಾಗಿ ಲೇಖಕ ಬ್ರಾಮ್ ಸ್ಟೋಕರ್ ಅವರ ಪತ್ನಿ ದಾವೆ ಹೂಡಿದ್ದರು. ಚಿತ್ರದ ಪ್ರತಿಗಳನ್ನೆಲ್ಲ ನಾಶಪಡಿಸಬೇಕೆಂದು ನ್ಯಾಯಾಲಯ ಆದೇಶಿಸಿದ ಮೇಲೂ ಕೆಲವು ಪ್ರತಿಗಳು ಉಳಿದುಕೊಂಡದ್ದರಿಂದಲೇ ನಮಗೆ ಇದನ್ನು ನೋಡುವ ಭಾಗ್ಯ ದೊರೆತಿದೆ.

ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಏರಿಹೋಗುವ ಒಂದು ನೆರಳಿನಿಂದಲೇ ಭಯ ಹುಟ್ಟಿಸಿದ ಈ ನಿರ್ದೇಶಕರು, 1924ರ ‘ದ ಲಾಸ್ಟ್ ಲಾಫ್’ ಚಿತ್ರದಲ್ಲಿ ಕ್ಯಾಮೆರಾವನ್ನು ಒಂದೆಡೆ ನಿಲ್ಲಗೊಡದೆ ಪಾತ್ರದೊಡನೆ ನಡೆಸಿ, ಬಳಿಕ ಹಾಲಿವುಡ್‌ಗೆ ತೆರಳಿ 1927ರಲ್ಲಿ ‘ಸನ್‌ರೈಸ್’ ನಿರ್ದೇಶಿಸಿದರು. ಅವರ ಕೃತಿಗಳಲ್ಲಿ ಅದೇ ಶ್ರೇಷ್ಠವೆಂಬುದು ನನ್ನ ಅಭಿಪ್ರಾಯ. ಸದಸ್ಯರು ಒಪ್ಪಿದರೆ ಮುಂದಿನ ತಿಂಗಳು ಅದನ್ನೇ ಇಟ್ಟುಕೊಳ್ಳೋಣ. 1931ರಲ್ಲಿ, ಕೊನೆಯ ಚಿತ್ರ ‘ಟಾಬೂ’ ತೆರೆ ಕಾಣುವ ಮುನ್ನವೇ, ಕಾರು ಅಪಘಾತದಲ್ಲಿ ಅವರು ತೀರಿಕೊಂಡಾಗ ವಯಸ್ಸು ಕೇವಲ 42.

ಚಿತ್ರದ ಅವಧಿ ಸುಮಾರು ಒಂದೂವರೆ ಗಂಟೆ. ತೆರೆಯ ಮೇಲೆ ಬರುವ ಬರಹಗಳನ್ನು ಕನ್ನಡದಲ್ಲಿ ಓದಿ ಹೇಳಲಾಗುವುದು. ಸಿದ್ದಾಪುರ, ಯಲ್ಲಾಪುರಗಳಿಂದ ಬರುವವರಿಗೆ ಮರಳುವ ಬಸ್ಸು ತಪ್ಪಬಾರದೆಂದು ಸರಿಯಾದ ಸಮಯಕ್ಕೆ ಆರಂಭಿಸುತ್ತೇವೆ. ದಯವಿಟ್ಟು ಹತ್ತು ನಿಮಿಷ ಮೊದಲೇ ಬಂದು ಕುಳಿತುಕೊಳ್ಳಿ. ತೀರ ಚಿಕ್ಕ ಮಕ್ಕಳನ್ನು ಕರೆತರದಿರುವುದು ಒಳಿತು.

ಕುರ್ಚಿ ಮತ್ತು ಚಹಾದ ವ್ಯವಸ್ಥೆಗಾಗಿ, ತಮ್ಮೊಡನೆ ಎಷ್ಟು ಜನ ಬರುವರೆಂಬುದನ್ನು ಶುಕ್ರವಾರ ಸಂಜೆಯೊಳಗೆ ಇದೇ ಗುಂಪಿನಲ್ಲಿ ತಿಳಿಸಬೇಕಾಗಿ ವಿನಂತಿ.