ಆತಕೂರು ಶಾಸನ ಹೇಳುವ ತಕ್ಕೋಲದ ಕಥೆ

ಮಾನ್ಯ ಸಂಪಾದಕರೆ,

ಇಂದಿನ ತಮಿಳುನಾಡಿನ ತಕ್ಕೋಲದಲ್ಲಿ ಕ್ರಿ.ಶ. 949ರಲ್ಲಿ ನಡೆದ ಯುದ್ಧವನ್ನು ಕನ್ನಡಿಗರು ತಮಿಳರ ಮೇಲೆ ಸಾಧಿಸಿದ ಗೆಲುವೆಂದು ವೇದಿಕೆಗಳಲ್ಲಿ ಬಣ್ಣಿಸುವುದನ್ನು ಪದೇ ಪದೇ ಕೇಳುತ್ತಿದ್ದೇನೆ. ಆದರೆ ಆ ಕಾಲದ ರಾಜಕಾರಣವನ್ನು ನಡೆಸಿದ್ದು ಭಾಷಾಭಿಮಾನಕ್ಕಿಂತ ಹೆಚ್ಚಾಗಿ ಸಿಂಹಾಸನದ ಹಂಬಲ, ನೆಂಟಸ್ತಿಕೆ ಮತ್ತು ಭೂಮಿ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಇಮ್ಮಡಿ ಬೂತುಗ, ಅದಕ್ಕೂ ಮೊದಲು ತನ್ನ ಅಣ್ಣ ರಾಚಮಲ್ಲನನ್ನೇ ಕೊಂದು ಪಟ್ಟವೇರಿದವನು. ಅವನಿಗೆ ಬೆನ್ನೆಲುಬಾಗಿ ನಿಂತವನು ಹೆಂಡತಿಯ ಸೋದರನಾದ ಇದೇ ಕೃಷ್ಣ. ಗೆಲುವಿಗೆ ಪ್ರತಿಫಲವಾಗಿ ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300 ಮೊದಲಾದ ನಾಡುಗಳು (ಸಂಖ್ಯೆಗಳು ನಾಡಿನ ಹೆಸರಿನ ಭಾಗ) ಬೂತುಗನ ಕೈಸೇರಿದವು.

ಈ ಯುದ್ಧದ ಕಥೆ ಹೇಳುವ ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದರಲ್ಲಿ ಎದ್ದು ಕಾಣುವುದು ರಾಜನಲ್ಲ, ಹಂದಿಯೊಡನೆ ಸೆಣಸುತ್ತಿರುವ ನಾಯಿ. ಬೂತುಗನ ವೀರ ಮಣಲೇರ ತನ್ನ ಶೌರ್ಯಕ್ಕೆ ಮೆಚ್ಚುಗೆಯಾಗಿ ಬೇಡಿ ಪಡೆದುಕೊಂಡದ್ದು ಕಾಳಿಯೆಂಬ ನಾಯಿಯನ್ನು. ಅದು ಬೇಟೆಯಲ್ಲಿ ಹಂದಿಯೊಡನೆ ಹೋರಾಡಿ ಸತ್ತಾಗ ಅದರ ನೆನಪಿಗೆ ಈ ಕಲ್ಲನ್ನು ನಿಲ್ಲಿಸಿದನು. ಆತಕೂರು ಅವನಿಗೆ ಬಾಳ್ಗಚ್ಚಾಗಿ, ಅಂದರೆ ಕತ್ತಿ ತೊಳೆದು ಕೊಟ್ಟ ಉಂಬಳಿಯಾಗಿ, ದೊರೆಯಿತು. ಚಕ್ರವರ್ತಿಯಿಂದ ಸಾಮಂತನಿಗೆ, ಸಾಮಂತನಿಂದ ಭಟನಿಗೆ ಇಳಿದು ಬರುತ್ತಿದ್ದ ಈ ಭೂಮಿಯ ಋಣವೇ ಸೇನೆಗಳನ್ನು ಕಟ್ಟುತ್ತಿತ್ತು. ಋಣ ಸಡಿಲವಾದಾಗ ಸಾಮಂತರೇ ತಿರುಗಿಬೀಳುತ್ತಿದ್ದರು. ಇಂದಿನ ವಿಜಯಪುರ ಭಾಗದ ತರ್ದವಾಡಿಯ ಸಾಮಂತ, ಚಾಲುಕ್ಯ ತೈಲಪ 973ರಲ್ಲಿ ರಾಷ್ಟ್ರಕೂಟರನ್ನು ಕೆಡವಿದ್ದು ಹೀಗೆಯೇ.

ಪ್ರೌಢಶಾಲೆಯ ಪಾಠದಲ್ಲಿ ಈ ಶಾಸನದ ಚಿತ್ರವನ್ನೂ ಸರಳಗನ್ನಡದ ಪಠ್ಯವನ್ನೂ ಸೇರಿಸಬೇಕೆಂದು ಶಿಕ್ಷಣ ಇಲಾಖೆಯನ್ನು ಕೋರುತ್ತೇನೆ.

ಇತಿಹಾಸಾಸಕ್ತ ಓದುಗ, ಮಂಡ್ಯ